ಇಬ್ಬರ ಸಂಬಳ, ಒಂದೇ ಲೆಕ್ಕ: ಮನೆಖರ್ಚು ಪರಿಶೀಲಿಸಿ ಉಳಿತಾಯ ಹುಡುಕುವ ಸಮಗ್ರ ಮಾರ್ಗದರ್ಶಿ

ಇಬ್ಬರೂ ದುಡಿಯುವ ಮನೆಯಲ್ಲಿ ತಿಂಗಳ ಇಪ್ಪತ್ತೈದನೇ ತಾರೀಖಿನ ಹೊತ್ತಿಗೆ ಒಂದು ಪ್ರಶ್ನೆ ಏಳುತ್ತದೆ: ಅಷ್ಟು ದುಡ್ಡು ಎಲ್ಲಿ ಹೋಯ್ತು? ಆಗ ಬೈಸಿಕೊಳ್ಳುವುದು ಟೊಮ್ಯಾಟೊ ರೇಟು, ಹಾಲಿನ ರೇಟು. ಟೊಮ್ಯಾಟೊ ಪಾಪದ್ದು. ದುಡ್ಡು ಸೋರುವುದು ಎರಡು ಕಡೆ. ಒಮ್ಮೆ ಸಹಿ ಹಾಕಿ ಮರೆತುಬಿಟ್ಟ ಖರ್ಚುಗಳಲ್ಲಿ, ಮತ್ತು "ಅದನ್ನ ಅವಳು ನೋಡ್ಕೋತಾಳೆ", "ಅದು ಅವನ ಕಡೆ ಖರ್ಚು" ಎಂದುಕೊಂಡು ಇಬ್ಬರೂ ಬಾಯಿಬಿಡದ ಜಾಗದಲ್ಲಿ. ಒಬ್ಬರೇ ಇರುವ ಮನೆಯಲ್ಲಿ ಈ ಎರಡನೆಯದು ಇರುವುದೇ ಇಲ್ಲ. ಹಾಗಾಗಿ ಗಂಡ ಹೆಂಡತಿ ಸೇರಿ ಬಜೆಟ್ ನೋಡುವ ಕ್ರಮವೂ ಬೇರೆಯಾಗಿರಬೇಕು.

ಲೆಕ್ಕ ಕೈಗೆ ಸಿಗುವಂತಿರಲಿ ಎಂದು ಬೆಂಗಳೂರಿನ ಒಂದು ಕಾಲ್ಪನಿಕ ಮನೆಯನ್ನು ಇಟ್ಟುಕೊಳ್ಳುತ್ತೇನೆ. ಮದುವೆಯಾಗಿ ಎರಡು ವರ್ಷ, ವಿಜಯನಗರದಲ್ಲಿ ಬಾಡಿಗೆ ಮನೆ, ಮಕ್ಕಳಿಲ್ಲ, ಗಂಡನ ತಂದೆತಾಯಿ ಊರಲ್ಲಿ. ಕೈಗೆ ಬರುವ ಸಂಬಳ ಒಬ್ಬರಿಗೆ 48,000, ಇನ್ನೊಬ್ಬರಿಗೆ 37,000. ಒಟ್ಟು 85,000 ರೂಪಾಯಿ. ನಿಮ್ಮ ಅಂಕಿ ಬೇರೆ ಇರುತ್ತದೆ, ಹುಡುಕುವ ದಾರಿ ಇದೇ.

ಹಂತ 1: ಕಾಗದಪತ್ರ ಒಟ್ಟುಮಾಡಿ

ನೆನಪಿನಿಂದ ಬಜೆಟ್ ಬರೆಯಬೇಡಿ. ನೆನಪು ಯಾವಾಗಲೂ ಕಡಿಮೆ ಹೇಳುತ್ತದೆ. ಇಬ್ಬರೂ ತಮ್ಮ ತಮ್ಮ ಎಲ್ಲ ಬ್ಯಾಂಕ್ ಖಾತೆಗಳ ಮತ್ತು ಕ್ರೆಡಿಟ್ ಕಾರ್ಡ್‌ಗಳ ಹಿಂದಿನ ಮೂರು ತಿಂಗಳ ಸ್ಟೇಟ್‌ಮೆಂಟ್ ಇಳಿಸಿಕೊಳ್ಳಿ. "ಆ ಹಳೇ ಖಾತೇಲಿ ಏನೂ ಇಲ್ಲ" ಎನ್ನುವ ಖಾತೆಯದ್ದೂ ಬೇಕು. ಹಳೇ ಕಂಪನಿಯ ಸಂಬಳದ ಖಾತೆಯಿಂದಲೇ ಮಿನಿಮಮ್ ಬ್ಯಾಲೆನ್ಸ್ ದಂಡ, ಎಸ್ಸೆಮ್ಮೆಸ್ ಶುಲ್ಕ, ಎಂದೋ ಹಾಕಿಸಿದ ಆಟೋ ಡೆಬಿಟ್ ಹೋಗುತ್ತಿರುವುದು.

ಮೂರು ತಿಂಗಳಲ್ಲಿ ಕಾಣದ ಖರ್ಚುಗಳಿಗಾಗಿ ಒಂದು ವರ್ಷ ಹಿಂದಕ್ಕೆ ಹೋಗಿ: ವಿಮೆ ಕಂತು, ಗಾಡಿ ಇನ್ಶೂರೆನ್ಸ್, ಗಾಡಿ ಸರ್ವೀಸ್, ದೀಪಾವಳಿ ಬಟ್ಟೆ, ಊರಹಬ್ಬ, ನೆಂಟರ ಮದುವೆ. ಇವನ್ನೆಲ್ಲ ಕೂಡಿಸಿ ಹನ್ನೆರಡರಿಂದ ಭಾಗಿಸಿ. ಈ ಭಾಗಾಕಾರ ಮಾಡದವರ ಮನೆಯಲ್ಲಿ ಪ್ರತಿ ಎರಡು ತಿಂಗಳಿಗೊಮ್ಮೆ "ಈ ಸಲ ಒಂದು ಅನಿರೀಕ್ಷಿತ ಖರ್ಚು ಬಂತು" ಎಂಬ ಮಾತು ಬರುತ್ತದೆ. ವರ್ಷವೂ ಅದೇ ತಿಂಗಳಲ್ಲಿ ಬರುವ ಗೌರಿ ಹಬ್ಬದಲ್ಲಿ ಅನಿರೀಕ್ಷಿತವಾದದ್ದೇನಿದೆ?

ಯುಪಿಐ ಪಟ್ಟಿ ಓದುವಾಗ ಒಂದು ತೊಡಕಿದೆ. ಅಂಗಡಿಯ ಹೆಸರಿನ ಬದಲು ಅಂಗಡಿಯವನ ಹೆಸರು ಇರುತ್ತದೆ. ಒಬ್ಬರಿಗೆ ಹೋದ 340 ರೂಪಾಯಿ ತರಕಾರಿಯೋ ಆಟೋವೋ ಮೂರು ತಿಂಗಳಾದ ಮೇಲೆ ಗೊತ್ತಾಗದು. ಪದೇಪದೇ ಬರುವ ಹೆಸರುಗಳನ್ನು ಗುರುತಿಸಿದರೆ ಮುಕ್ಕಾಲು ಪಾಲು ಬಗೆಹರಿಯುತ್ತದೆ. ಉಳಿದದ್ದನ್ನು "ಚಿಲ್ಲರೆ" ಎಂದು ಬರೆದು ಮುಂದೆ ಹೋಗಿ. ಐವತ್ತು ರೂಪಾಯಿಯ ಜಾಡು ಹಿಡಿದು ಕೂತರೆ ಈ ಕೆಲಸ ಮುಗಿಯುವುದಿಲ್ಲ, ಜಗಳವಂತೂ ಗ್ಯಾರಂಟಿ.

ಹಂತ 2: ಒಂದೇ ಹಾಳೆ, ಆದರೆ ಯಾರು ಕಟ್ಟುತ್ತಾರೆ ಎನ್ನುವುದೂ ಇರಲಿ

ನಮ್ಮ ಉದಾಹರಣೆ ಮನೆಯ ತಿಂಗಳ ಸರಾಸರಿ ಹೀಗಿದೆ ಎನ್ನೋಣ:

- ಬಾಡಿಗೆ, ಮೇಂಟೆನೆನ್ಸ್: 21,500
- ಇಎಂಐಗಳು (ಬೈಕ್ 4,200, ವಾಷಿಂಗ್ ಮೆಷಿನ್ ಮತ್ತು ಫ್ರಿಡ್ಜ್ 3,000, ಫೋನ್ 2,600): 9,800
- ಕ್ರೆಡಿಟ್ ಕಾರ್ಡ್ ಬಡ್ಡಿ: 1,650
- ದಿನಸಿ, ಹಾಲು, ತರಕಾರಿ: 11,200
- ಹೊರಗಿನ ಊಟ, ಡೆಲಿವರಿ: 7,900
- ಓಡಾಟ: 6,300
- ಕರೆಂಟು, ನೀರು, ಗ್ಯಾಸು: 2,300
- ಮೊಬೈಲ್, ಇಂಟರ್ನೆಟ್, ಒಟಿಟಿ: 3,100
- ವಿಮೆ: 4,500
- ಊರಿಗೆ: 6,000
- ಹಬ್ಬ, ಮದುವೆ, ಮುಯ್ಯಿ: 4,000
- ಬಟ್ಟೆ, ಆನ್‌ಲೈನ್ ಖರೀದಿ: 5,000
- ಮನೆಕೆಲಸದವರಿಗೆ: 2,000

ಒಟ್ಟು 85,250. ಸಂಬಳಕ್ಕಿಂತ 250 ಹೆಚ್ಚು. ಆ 250 ಕಾರ್ಡಿನ ಬಾಕಿಗೆ ಹೋಗಿ ಸೇರುತ್ತಿದೆ.

ಈಗ ಪ್ರತಿ ಸಾಲಿನ ಎದುರು ಯಾರ ಖಾತೆಯಿಂದ ಹೋಗುತ್ತಿದೆ ಎಂದು ಬರೆಯಿರಿ. ಇದನ್ನು ಬಿಡಬೇಡಿ. "ಬಾಡಿಗೆ ನಾನು, ದಿನಸಿ ನೀನು" ಎಂದು ಹಂಚಿಕೊಂಡ ಮನೆಗಳಲ್ಲಿ ಬಾಡಿಗೆ ಕಟ್ಟುವವನಿಗೆ ದಿನಸಿ ಏರಿದ್ದು ತಿಳಿದಿರುವುದಿಲ್ಲ, ದಿನಸಿ ತರುವವಳಿಗೆ ಅವನ ಕಾರ್ಡಿನ ಬಾಕಿ ತಿಳಿದಿರುವುದಿಲ್ಲ. ಕಡಿಮೆ ಸಂಬಳದವರ ಪಾಲಿಗೆ ತರಕಾರಿ, ಹಬ್ಬ, ಉಡುಗೊರೆಯಂಥ ವರ್ಷವರ್ಷ ಏರುವ ಖರ್ಚುಗಳೇ ಬಿದ್ದಿರುವುದೂ ಉಂಟು. ಹಾಗಿದ್ದರೆ ಒಟ್ಟು ಖರ್ಚನ್ನು ಸಂಬಳದ ಪ್ರಮಾಣದಲ್ಲಿ ಹಂಚಿಕೊಳ್ಳಿ. 48ಕ್ಕೆ 37 ಎಂದರೆ ಸುಮಾರು ನೂರಕ್ಕೆ 56 ಮತ್ತು 44.

ಹಂತ 3: ಮೊದಲು ಬಡ್ಡಿ

ಕ್ರೆಡಿಟ್ ಕಾರ್ಡಿನ ಬಡ್ಡಿ ತಿಂಗಳಿಗೆ ಶೇ. 3ರಿಂದ 3.75ರಷ್ಟು ಇರುವುದು ಸಾಮಾನ್ಯ. ವರ್ಷಕ್ಕೆ ಶೇ. 36ರಿಂದ 45. ನಮ್ಮ ಮನೆಯಲ್ಲಿ ಅವನ ಕಾರ್ಡಿನ ಮೇಲೆ 40,000 ಬಾಕಿ ತಿಂಗಳಿಂದ ತಿಂಗಳಿಗೆ ಉರುಳುತ್ತಿದೆ. ಶೇ. 3.5ರಂತೆ 1,400, ಆ ಬಡ್ಡಿಯ ಮೇಲೆ ಶೇ. 18 ಜಿಎಸ್‌ಟಿ 252, ಒಟ್ಟು 1,652 ರೂಪಾಯಿ. "ಮಿನಿಮಮ್ ಡ್ಯೂ ಕಟ್ಟುತ್ತಿದ್ದೀನಲ್ಲ" ಎಂಬ ಸಮಾಧಾನ ಬೇರೆ. ಮಿನಿಮಮ್, ಅಂದರೆ ಬಾಕಿಯಲ್ಲಿ ಕಟ್ಟಲೇಬೇಕಾದ ಸಣ್ಣ ಪಾಲು, ಕಟ್ಟಿದರೆ ತಪ್ಪುವುದು ಲೇಟ್ ಫೀ ಮಾತ್ರ. ಬಾಕಿ ಇಟ್ಟವರಿಗೆ ಹೊಸ ಖರೀದಿಗೂ ಬಡ್ಡಿರಹಿತ ಅವಧಿ ಸಿಗುವುದಿಲ್ಲ, ಕೊಂಡ ದಿನದಿಂದಲೇ ಬಡ್ಡಿ ಶುರು.

ಅದೇ ಮನೆಯಲ್ಲಿ, ಅವಳ ಬ್ಯಾಂಕಿನಲ್ಲಿ, ಮದುವೆಗೆ ಮುಂಚಿನ 60,000 ರೂಪಾಯಿಯ ಎಫ್‌ಡಿ ಶೇ. 6.5ಕ್ಕೆ ಕೂತಿದೆ. ಅದರಲ್ಲಿ 40,000ಕ್ಕೆ ಬರುವ ಬಡ್ಡಿ ತಿಂಗಳಿಗೆ ಸುಮಾರು 217. ಒಂದೇ ಸೂರಿನಡಿ ಒಬ್ಬರು 217 ಗಳಿಸುತ್ತಿದ್ದಾರೆ, ಇನ್ನೊಬ್ಬರು 1,652 ಕಳೆಯುತ್ತಿದ್ದಾರೆ. ಎಫ್‌ಡಿ ಮುರಿದು ಕಾರ್ಡ್ ತೀರಿಸಿದರೆ ತಿಂಗಳಿಗೆ ನಿವ್ವಳ 1,400 ಉಳಿತಾಯ. ಅವಧಿಗೆ ಮುಂಚೆ ಮುರಿದದ್ದಕ್ಕೆ ಬ್ಯಾಂಕು ಬಡ್ಡಿಯಲ್ಲಿ ಅರ್ಧ, ಒಂದು ಶೇಕಡಾ ಕಡಿತ ಮಾಡಿದರೂ ಲೆಕ್ಕ ಬದಲಾಗದು.

ಅದು ಅವಳ ದುಡ್ಡು ಎನ್ನುವುದನ್ನು ಮಾತ್ರ ಮರೆಯಬಾರದು. ತವರಿನವರು ಕೊಟ್ಟದ್ದೋ, ತಾನೇ ದುಡಿದು ಕೂಡಿಟ್ಟದ್ದೋ ಇರಬಹುದು. ಅವನ ಸಾಲಕ್ಕೆ ಅವಳ ಎಫ್‌ಡಿ ಬಳಸಿದರೆ, ಬ್ಯಾಂಕಿಗೆ ಕಟ್ಟುತ್ತಿದ್ದ ಹಣವನ್ನೇ ಪ್ರತಿ ತಿಂಗಳು ಅವಳ ಖಾತೆಗೆ ಮರಳಿ ತುಂಬುವುದು ನ್ಯಾಯ. ಇದನ್ನು ಬರೆದೇ ಇಟ್ಟುಕೊಳ್ಳಿ.

ಇಎಂಐಗಳ ಎದುರು ಕೊನೆಯ ಕಂತಿನ ತಿಂಗಳು ಬರೆಯಿರಿ. ಫೋನಿನ ಕಂತು ಇನ್ನು ನಾಲ್ಕು ತಿಂಗಳಿಗೆ ಮುಗಿಯುತ್ತದೆ ಎಂದರೆ 2,600 ರೂಪಾಯಿ ತಾನಾಗಿ ಬಿಡುವಾಗುತ್ತದೆ, ಆ ಜಾಗಕ್ಕೆ ಹೊಸ ಕಂತು ಬಂದು ಕೂರದಿದ್ದರೆ. "ನೋ ಕಾಸ್ಟ್" ಎಂಬ ಹೆಸರಿಗೆ ಮರುಳಾಗಬೇಡಿ. ಕಾರ್ಡಿನ ಅಂಥ ಕಂತುಗಳಲ್ಲಿ ಬಡ್ಡಿಯಷ್ಟನ್ನು ಬೆಲೆಯಲ್ಲಿ ಕಳೆದು ತೋರಿಸುತ್ತಾರೆ. ಬಡ್ಡಿಯ ಮೇಲಿನ ಜಿಎಸ್‌ಟಿ ಮತ್ತು ಪ್ರೊಸೆಸಿಂಗ್ ಫೀ ನಿಮ್ಮದೇ. ಪೂರ್ತಿ ದುಡ್ಡು ಕೊಟ್ಟವರಿಗೆ ಸಿಗುವ ರಿಯಾಯಿತಿ ಕಂತಿನವರಿಗೆ ಸಿಗದಿರುವುದೂ ಇದೆ.

ಗೃಹಸಾಲ ಇರುವವರಿಗೆ ಇಡೀ ಪರಿಶೀಲನೆಯ ದೊಡ್ಡ ಉಳಿತಾಯ ಇಲ್ಲೇ ಇರಬಹುದು. 2025ರಲ್ಲಿ ರಿಸರ್ವ್ ಬ್ಯಾಂಕ್ ರೆಪೊ ದರವನ್ನು (ಅದು ಬ್ಯಾಂಕುಗಳಿಗೆ ಸಾಲ ಕೊಡುವ ಬಡ್ಡಿ ದರ) ಶೇ. 6.5ರಿಂದ 5.25ಕ್ಕೆ ಇಳಿಸಿತು. 2019ರ ಅಕ್ಟೋಬರ್ ನಂತರ ಬ್ಯಾಂಕುಗಳಲ್ಲಿ ತೆಗೆದ ಫ್ಲೋಟಿಂಗ್ (ಬಡ್ಡಿ ಏರಿಳಿಯುವ) ಗೃಹಸಾಲಗಳು ಹೊರಗಿನ ಮಾನದಂಡಕ್ಕೆ, ಹೆಚ್ಚಾಗಿ ರೆಪೊ ದರಕ್ಕೇ, ಜೋಡಣೆಯಾಗಿರುವುದರಿಂದ ಇಳಿಕೆ ಬೇಗ ತಲುಪುತ್ತದೆ. ಬ್ಯಾಂಕು ತಾನೇ ಲೆಕ್ಕ ಹಾಕುವ ಎಂಸಿಎಲ್ಆರ್ ಅಥವಾ ಬೇಸ್ ರೇಟ್ ಎಂಬ ದರಗಳಿಗೆ ಜೋಡಣೆಯಾದ ಹಳೆಯ ಸಾಲಗಳಿಗೆ ನಿಧಾನ. ಬ್ಯಾಂಕಿಗೆ ಹೋಗಿ "ನನ್ನದು ಯಾವ ದರಕ್ಕೆ ಜೋಡಣೆಯಾಗಿದೆ, ಬದಲಿಸಲು ಎಷ್ಟು ಶುಲ್ಕ" ಎಂದು ಕೇಳಿ. 40 ಲಕ್ಷ, 20 ವರ್ಷದ ಸಾಲಕ್ಕೆ ಶೇ. 9ರಲ್ಲಿ ಕಂತು ಸುಮಾರು 35,990, ಶೇ. 8ರಲ್ಲಿ 33,460. ತಿಂಗಳಿಗೆ 2,500ಕ್ಕೂ ಹೆಚ್ಚು ವ್ಯತ್ಯಾಸ. ಇದರ ಮುಂದೆ ಸೊಪ್ಪಿನ ಕಟ್ಟಿಗೆ ಚೌಕಾಸಿ ಮಾಡುವುದರಲ್ಲಿ ಏನಿದೆ?

ಹಂತ 4: ಬಾಡಿಗೆ, ವಿಮೆ, ತೆರಿಗೆ

ಕಡಿಮೆ ಬಾಡಿಗೆಯ ಮನೆಗೆ ಹೋಗೋಣ ಎಂಬ ಮಾತು ಬಂದರೆ ಮೊದಲು ಸ್ಥಳಾಂತರದ ಖರ್ಚು ಬರೆಯಿರಿ. ಬೆಂಗಳೂರಲ್ಲಿ ಬ್ರೋಕರಿಗೆ ಒಂದು ತಿಂಗಳ ಬಾಡಿಗೆ, ಬಿಡುವ ಮನೆಯವರು ಪೇಂಟಿಂಗ್ ಎಂದು ಅಡ್ವಾನ್ಸಿನಲ್ಲಿ ಹಿಡಿಯುವುದು ಇನ್ನೊಂದು ತಿಂಗಳದ್ದು, ಸಾಮಾನು ಸಾಗಣೆ ಏಳೆಂಟು ಸಾವಿರ. 19,000 ಬಾಡಿಗೆಯವರು 17,000ಕ್ಕೆ ಇಳಿಯಲು ಖರ್ಚು ಸುಮಾರು 44,000. ತಿಂಗಳಿಗೆ 2,000 ಉಳಿದರೆ ಅಸಲು ಹುಟ್ಟಲು 22 ತಿಂಗಳು ಬೇಕು. ಹನ್ನೊಂದು ತಿಂಗಳ ಅಗ್ರಿಮೆಂಟು ಮುಗಿಯುವ ಎರಡು ತಿಂಗಳು ಮುಂಚೆ ಮಾಲೀಕರ ಜತೆ ಮಾತಾಡಿ, "ಈ ವರ್ಷ ಏರಿಸಬೇಡಿ, ಇನ್ನೆರಡು ವರ್ಷ ಇರ್ತೀವಿ" ಎನ್ನುವುದು ಲಾಭದ್ದು. ಹೊತ್ತಿಗೆ ಸರಿಯಾಗಿ ಬಾಡಿಗೆ ಕೊಡುವವರನ್ನು ಕಳೆದುಕೊಳ್ಳಲು ಯಾವ ಮಾಲೀಕರಿಗೂ ಇಷ್ಟವಿರುವುದಿಲ್ಲ.

ವಿಮೆಯಲ್ಲಿ ಆರೋಗ್ಯದ್ದನ್ನು ಕಡಿಯಬೇಡಿ. "ಇಬ್ಬರ ಕಂಪನಿಯಲ್ಲೂ ಕವರ್ ಇದೆ, ಸ್ವಂತದ್ದು ಯಾಕೆ" ಎನಿಸುತ್ತದೆ. ಕೆಲಸ ಹೋದ ದಿನ ಕಂಪನಿಯ ಕವರೂ ಹೋಗುತ್ತದೆ. ನೋಡಬೇಕಾದ್ದು ಬೇರೆ: ಇಬ್ಬರೂ ಸಂಬಳದಿಂದ ದುಡ್ಡು ಕಡಿಸಿಕೊಂಡು ಪರಸ್ಪರರನ್ನು ತಮ್ಮ ಪಾಲಿಸಿಗೆ ಸೇರಿಸಿದ್ದೀರಾ? ಹಾಗಿದ್ದರೆ ಯಾವುದಾದರೂ ಒಂದು ಸಾಕೇ ಎಂದು ಯೋಚಿಸಿ. ವೈಯಕ್ತಿಕ ಜೀವ ಮತ್ತು ಆರೋಗ್ಯ ವಿಮೆಯ ಕಂತಿನ ಮೇಲಿದ್ದ ಶೇ. 18 ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಇಲ್ಲ. ಮುಂದಿನ ನವೀಕರಣದ ನೋಟಿಸನ್ನು ಹಳೆಯದರ ಪಕ್ಕ ಇಟ್ಟು ಓದಿ.

ನಮ್ಮ ಮನೆಯ 4,500ರಲ್ಲಿ 3,000 ಒಂದು ಎಂಡೋಮೆಂಟ್ (ವಿಮೆ, ಉಳಿತಾಯ ಎರಡೂ ಬೆರೆತ) ಪಾಲಿಸಿಗೆ ಹೋಗುತ್ತಿದೆ. "ಟ್ಯಾಕ್ಸ್ ಉಳಿಯುತ್ತೆ" ಎಂದು ಪರಿಚಯದವರು ಮಾಡಿಸಿದ್ದು. ಹೊಸ ತೆರಿಗೆ ಪದ್ಧತಿಯಲ್ಲಿ ಇಂಥ ಕಂತುಗಳಿಗೆ ಸಿಗುತ್ತಿದ್ದ 80ಸಿ ವಿನಾಯಿತಿ ಇಲ್ಲವೇ ಇಲ್ಲ. 2025-26ರಿಂದ ಸಂಬಳದಾರರಿಗೆ 12.75 ಲಕ್ಷದವರೆಗೆ ಈ ಪದ್ಧತಿಯಲ್ಲಿ ತೆರಿಗೆ ಶೂನ್ಯ. ಎಂದ ಮೇಲೆ ಈ ದಂಪತಿಗೆ ಆ ಪಾಲಿಸಿಯಿಂದ ಒಂದು ಪೈಸೆ ತೆರಿಗೆಯೂ ಉಳಿಯುತ್ತಿಲ್ಲ. ಹಾಗೆಂದು ಓಡಿಹೋಗಿ ಸರೆಂಡರ್ ಮಾಡಬೇಡಿ. ಮೊದಲ ವರ್ಷಗಳಲ್ಲಿ ಬಿಟ್ಟರೆ ಕಟ್ಟಿದ್ದರಲ್ಲಿ ದೊಡ್ಡ ಪಾಲು ಹೋಗುತ್ತದೆ. ಈಗ ಸರೆಂಡರ್ ಮಾಡಿದರೆ ಎಷ್ಟು, ಪೇಡ್-ಅಪ್ ಮಾಡಿದರೆ (ಕಂತು ನಿಲ್ಲಿಸಿ ಕಡಿಮೆ ಮೊತ್ತಕ್ಕೆ ಪಾಲಿಸಿ ಉಳಿಸಿಕೊಂಡರೆ) ಎಷ್ಟು, ಮುಂದುವರಿಸಿದರೆ ಎಷ್ಟು ಎಂದು ಮೂರನ್ನೂ ಕಂಪನಿಯಿಂದ ಬರಹದಲ್ಲಿ ಪಡೆಯಿರಿ. ಮನೆ ನಡೆಯಲು ಇಬ್ಬರ ಸಂಬಳವೂ ಬೇಕು ಎಂದಾದರೆ ಇಬ್ಬರಿಗೂ ಟರ್ಮ್ ಪಾಲಿಸಿ (ಉಳಿತಾಯವಿಲ್ಲದ, ಬರೀ ಜೀವ ವಿಮೆ) ಆದಮೇಲೆ ತೀರ್ಮಾನಿಸಿ. ಈ ಉಳಿತಾಯವನ್ನು ಸದ್ಯಕ್ಕೆ ಲೆಕ್ಕಕ್ಕೆ ಹಿಡಿಯುತ್ತಿಲ್ಲ.

ಸಂಬಳದ ಚೀಟಿಯಲ್ಲಿ ಟಿಡಿಎಸ್ (ಸಂಬಳದಲ್ಲೇ ಹಿಡಿದ ತೆರಿಗೆ) ಕಾಲಂ ನೋಡಿ. ಯಾವ ಪದ್ಧತಿ ಬೇಕೆಂದು ಎಚ್‌ಆರ್ ಕಳಿಸಿದ ಮೇಲ್‌ಗೆ ಕಣ್ಣುಮುಚ್ಚಿ ಟಿಕ್ ಮಾಡಿದವರೇ ಹೆಚ್ಚು.

ಹಂತ 5: ಆಟೋ ಡೆಬಿಟ್ ಬೇಟೆ

ನೀವು ಬಳಸುವ ಪ್ರತಿ ಯುಪಿಐ ಆ್ಯಪ್‌ನಲ್ಲಿ ಆಟೋಪೇ ಅಥವಾ ಮ್ಯಾಂಡೇಟ್ ಎಂಬ ವಿಭಾಗ ಇರುತ್ತದೆ. ಕಾರ್ಡಿನ ಆ್ಯಪ್‌ನಲ್ಲಿ, ಫೋನಿನ ಆ್ಯಪ್ ಸ್ಟೋರ್‌ನಲ್ಲಿ ಚಂದಾಗಳ ಪಟ್ಟಿ ಬೇರೆ. ಇಬ್ಬರ ಫೋನನ್ನೂ ಪಕ್ಕಪಕ್ಕ ಇಟ್ಟುಕೊಂಡು ಓದಿ. ಆಗಲೇ ಜೋಡಿಗಳು ಸಿಗುವುದು: ಒಂದೇ ಡೆಲಿವರಿ ಆ್ಯಪ್‌ನ ಎರಡು ಮೆಂಬರ್‌ಶಿಪ್, ಬ್ರಾಡ್‌ಬ್ಯಾಂಡ್ ಜತೆಗೆ ಪುಕ್ಕಟೆ ಬಂದ ಒಟಿಟಿಗೆ ಬೇರೆ ಚಂದಾ, ಮನೆಯಲ್ಲಿ ವೈಫೈ, ಆಫೀಸಲ್ಲಿ ವೈಫೈ, ಆದರೂ ಇಬ್ಬರಿಗೂ ದಿನಕ್ಕೆ 2 ಜಿಬಿ ಡೇಟಾದ ಪ್ಲಾನು. ಜಿಮ್ ಬಗ್ಗೆ ನಾನೇನೂ ಹೇಳುವುದಿಲ್ಲ. ಆಟೋ ಡೆಬಿಟ್‌ಗೆ 24 ಗಂಟೆ ಮುಂಚೆ ಸೂಚನೆ ಕಳಿಸಬೇಕೆಂಬ ನಿಯಮವಿದೆ, ಅದು ಬರುತ್ತದೆ ಕೂಡ, ನಾವು ಓದದೆ ಒರೆಸಿಹಾಕುತ್ತೇವೆ. ಇಲ್ಲಿ 900 ರೂಪಾಯಿ ಸಿಗುತ್ತದೆ ಎನ್ನೋಣ.

ಹಂತ 6: ಕರೆಂಟು

ಗೃಹಜ್ಯೋತಿ ಬಾಡಿಗೆದಾರರಿಗೂ ಇದೆ. ಸಾಮಾನ್ಯವಾಗಿ 2022-23ರ ತಿಂಗಳ ಸರಾಸರಿ ಬಳಕೆಗೆ ಶೇ. 10 ಸೇರಿಸಿ ಅರ್ಹ ಯೂನಿಟ್ ನಿಗದಿಯಾಗುತ್ತದೆ. ಅದನ್ನು ಮೀರಿದರೂ 200ರ ಒಳಗಿದ್ದರೆ ಮೀರಿದ್ದಕ್ಕೆ ಮಾತ್ರ ಬಿಲ್ಲು. 200 ದಾಟಿತೋ, ಆ ತಿಂಗಳು ಪೂರ್ತಿ ಬಿಲ್ಲು ನಿಮ್ಮದೇ. ಮನೆ ಬದಲಿಸಿದವರು ಹಳೇ ಮನೆಯ ಆರ್‌ಆರ್ ನಂಬರಿನಿಂದ ಆಧಾರ್ ಬಿಡಿಸಿ ಹೊಸದಕ್ಕೆ ಜೋಡಿಸಬೇಕು. "ಅವನು ಮಾಡಿರ್ತಾನೆ", "ಅವಳು ಮಾಡಿರ್ತಾಳೆ" ಎಂದು ವರ್ಷವಿಡೀ ದುಡ್ಡು ಕಟ್ಟುತ್ತಿರುವ ಮನೆಗಳಿವೆ. ಅರ್ಹತೆ 90 ಯೂನಿಟ್ ಎಂದುಕೊಂಡು ಯೂನಿಟ್ಟಿಗೆ 6 ರೂಪಾಯಿ ಹಿಡಿದರೂ 500 ರೂಪಾಯಿಯ ಮೇಲಾಯಿತು.

200ರ ಅಂಚಿನಲ್ಲಿರುವವರು ಗೀಸರ್ ಕಡೆ ನೋಡಿ. 2 ಕಿಲೋವ್ಯಾಟಿನ ಗೀಸರ್ ದಿನಕ್ಕೆ ಒಟ್ಟು ಒಂದು ಗಂಟೆ ಕಾದರೆ ತಿಂಗಳಿಗೆ 60 ಯೂನಿಟ್. ಇಬ್ಬರೂ ಬೆನ್ನಿಗೆ ಬೆನ್ನಿಗೆ ಸ್ನಾನ ಮುಗಿಸಿ ಸ್ವಿಚ್ ಆರಿಸಿದರೆ ಸಾಕು. 75 ವ್ಯಾಟಿನ ಹಳೇ ಫ್ಯಾನಿನ ಬದಲು 30 ವ್ಯಾಟಿನ ಬಿಎಲ್‌ಡಿಸಿ ಫ್ಯಾನು ದಿನಕ್ಕೆ 12 ಗಂಟೆ ತಿರುಗಿದರೆ ತಿಂಗಳಿಗೆ 16 ಯೂನಿಟ್ ಕಡಿಮೆ. ಬಾಡಿಗೆ ಮನೆಯಲ್ಲಿ ಫ್ಯಾನು ನಿಮ್ಮದೇ ಆಗಿದ್ದರೆ ಮಾತ್ರ ಇದು ಯೋಚಿಸತಕ್ಕದ್ದು.

ಹಂತ 7: ಊಟ

ಮೊತ್ತ ನೋಡಬೇಡಿ, ವಾರ ನೋಡಿ. ಡೆಲಿವರಿ ಆರ್ಡರುಗಳನ್ನು ಕ್ಯಾಲೆಂಡರಿನ ಮೇಲೆ ಗುರುತು ಹಾಕಿದರೆ ಹೆಚ್ಚಿನವು ಶನಿವಾರ ಭಾನುವಾರ ಬೀಳುವುದಿಲ್ಲ. ವಾರದ ನಡುವೆ, ಇಬ್ಬರೂ ತಡವಾಗಿ ಬಂದ ರಾತ್ರಿ ಬೀಳುತ್ತವೆ. ಅಡುಗೆ ಯಾರು ಮಾಡಬೇಕು ಎಂಬ ಮಾತನ್ನು ಇಬ್ಬರೂ ಎತ್ತದ ರಾತ್ರಿಗಳವು. ಆಸೆಪಟ್ಟು ಹೊರಗೆ ಹೋಗಿ ತಿಂದ ಊಟ ಖುಷಿ ಕೊಡುತ್ತದೆ, ಅದನ್ನು ಮುಟ್ಟಬೇಡಿ. ಸೋತು ತರಿಸಿಕೊಂಡ ತಣ್ಣನೆ ಊಟಕ್ಕೇ ಹೆಚ್ಚು ದುಡ್ಡು ಹೋಗುತ್ತಿರುವುದು. ಆ್ಯಪ್‌ನಲ್ಲಿ ತಿಂಡಿಯ ಬೆಲೆಯೇ ಹೋಟೆಲಿಗಿಂತ ಹೆಚ್ಚಿರುತ್ತದೆ, ಮೇಲೆ ಪ್ಯಾಕಿಂಗ್, ಡೆಲಿವರಿ, ಪ್ಲಾಟ್‌ಫಾರ್ಮ್ ಫೀ, ಜಿಎಸ್‌ಟಿ. ಅದೇ ಮಸಾಲೆದೋಸೆಯನ್ನು ಮನೆ ಹತ್ತಿರದ ದರ್ಶಿನಿಯಲ್ಲಿ ನಿಂತು ತಿಂದರೆ ಗರಿಗರಿ, ದುಡ್ಡೂ ಅರ್ಧ.

"ಇನ್ನು ಮೇಲೆ ಆರ್ಡರ್ ಇಲ್ಲ" ಎಂಬ ಪ್ರತಿಜ್ಞೆ ಎರಡು ವಾರ ನಡೆದೀತು. ಅದರ ಬದಲು ಬುಧವಾರ ಯಾರು, ಗುರುವಾರ ಯಾರು ಎಂದು ಗೊತ್ತುಮಾಡಿ, ಆ ರಾತ್ರಿಗಳಿಗೆ ಹದಿನೈದು ನಿಮಿಷದ ಅಡುಗೆ ಇಟ್ಟುಕೊಳ್ಳಿ. ಫ್ರಿಡ್ಜಿನಲ್ಲಿ ದೋಸೆಹಿಟ್ಟು, ಡಬ್ಬಿಯಲ್ಲಿ ಪುಳಿಯೋಗರೆ ಗೊಜ್ಜು, ಊರಿಂದ ಬಂದ ಚಟ್ನಿಪುಡಿ. ವಾರಕ್ಕೆ ಎರಡು ಆರ್ಡರ್ ತಪ್ಪಿದರೆ ತಿಂಗಳಿಗೆ ಎಂಟು, ಒಂದಕ್ಕೆ 300 ಎಂದರೂ 2,400 ರೂಪಾಯಿ.

ದಿನಸಿಯಲ್ಲಿ ಹತ್ತು ನಿಮಿಷದ ಆ್ಯಪ್‌ಗಳ ಆರ್ಡರ್ ಸಂಖ್ಯೆ ಎಣಿಸಿ. ಕೊತ್ತಂಬರಿ ಮರೆತಿತ್ತು ಎಂದು ತೆರೆದವರು ಫ್ರೀ ಡೆಲಿವರಿಯ ಮಿತಿ ಮುಟ್ಟಿಸಲು ಚಿಪ್ಸು, ಐಸ್‌ಕ್ರೀಮು ಸೇರಿಸುತ್ತಾರೆ. ಅದೇ ಸಂಜೆ ಇನ್ನೊಬ್ಬರು ಬರುವಾಗ ಕೊತ್ತಂಬರಿ ಹಿಡಿದು ಬರುತ್ತಾರೆ. ಇಬ್ಬರ ಫೋನಲ್ಲೂ ತೆರೆಯುವ ಒಂದೇ ಪಟ್ಟಿ ಇರಲಿ. ಅಕ್ಕಿ, ಬೇಳೆ, ಎಣ್ಣೆಯನ್ನು ತಿಂಗಳಿಗೊಮ್ಮೆ ತನ್ನಿ. ತರಕಾರಿಯನ್ನು ಮಾತ್ರ ಹೆಚ್ಚು ತರಬೇಡಿ. ಅಗ್ಗವೆಂದು ಕೆ.ಆರ್. ಮಾರ್ಕೆಟ್ಟಿನಿಂದ ಚೀಲ ತುಂಬಿ ತಂದರೆ ಇಬ್ಬರ ಮನೆಯಲ್ಲಿ ಕಾಲುಭಾಗ ಕೊಳೆಯುತ್ತದೆ. ವಾರಕ್ಕೆರಡು ಸಲ ಹಾಪ್‌ಕಾಮ್ಸ್ ಅಥವಾ ತಳ್ಳುಗಾಡಿ ವಾಸಿ. ಕಾಲಕ್ಕೆ ತಕ್ಕಂತೆ ತಿನ್ನುವುದೂ ಒಂದು ಉಳಿತಾಯವೇ, ಡಿಸೆಂಬರ್ ಜನವರಿಯ ಅವರೆಕಾಯಿಯಂತೆ. ವರಮಹಾಲಕ್ಷ್ಮಿ, ಆಯುಧಪೂಜೆಯ ಹಿಂದಿನ ದಿನ ಹೂವಿನ ರೇಟು ಹೇಗಿರುತ್ತದೆಂದು ಹೇಳಬೇಕಾಗಿಲ್ಲ. ಆ ಖರ್ಚಿಗೆ ಹಬ್ಬದ ಸಾಲಿನಲ್ಲಿ ಮೊದಲೇ ಜಾಗ ಮಾಡಿ. ದಿನಸಿಯಲ್ಲಿ 900 ಉಳಿದರೆ ಸಾಕು, ಹೆಚ್ಚು ಹಿಂಡಬೇಡಿ.

ಹಂತ 8: ಓಡಾಟ, ಆನ್‌ಲೈನ್ ಖರೀದಿ

ಶಕ್ತಿ ಯೋಜನೆಯಿಂದ 2023ರ ಜೂನ್ 11ರಿಂದ ರಾಜ್ಯದ ಸಾಮಾನ್ಯ ಸರ್ಕಾರಿ ಬಸ್ಸುಗಳಲ್ಲಿ ಹೆಣ್ಣುಮಕ್ಕಳಿಗೆ ಟಿಕೆಟ್ ದುಡ್ಡಿಲ್ಲ. ಎಸಿ ಬಸ್ಸಿಗೆ ಅನ್ವಯವಿಲ್ಲ. ಆಫೀಸಿಗೆ ಮೆಟ್ರೊ, ಮೆಟ್ರೊದಿಂದ ಮನೆಗೆ ಬಸ್ಸು ಎಂದು ಜೋಡಿಸಿಕೊಂಡರೆ ಅವಳ ಆಟೋ ಖರ್ಚು ಇಳಿಯುತ್ತದೆ. ರಾತ್ರಿ ಹೊತ್ತು ಕ್ಯಾಬ್ ಹಿಡಿಯುವುದನ್ನು ಈ ಲೆಕ್ಕಕ್ಕೆ ತರಬೇಡಿ. ನಮ್ಮ ಮೆಟ್ರೊ 2025ರ ಫೆಬ್ರುವರಿಯಲ್ಲಿ ದರ ಏರಿಸಿದಾಗ ದೂರದ ಪ್ರಯಾಣಕ್ಕೆ 90 ರೂಪಾಯಿವರೆಗೂ ಆಯಿತು, ಸ್ಮಾರ್ಟ್ ಕಾರ್ಡಿಗೆ ರಿಯಾಯಿತಿ ಇದೆ. ಒಂದೇ ದಿಕ್ಕಿಗೆ ಹೋಗುವ ಇಬ್ಬರಾದರೆ ಬೈಕೇ ಅಗ್ಗವಾಗಬಹುದು, ಪೆಟ್ರೋಲಿಗೆ ಪಾರ್ಕಿಂಗ್ ಸೇರಿಸಿ ಹೋಲಿಸಿ. ಇಲ್ಲಿ 1,300 ಉಳಿದೀತು.

ಆನ್‌ಲೈನ್ ಖರೀದಿಗೆ ಒಂದೇ ನಿಯಮ: 2,000 ದಾಟಿದ್ದನ್ನು ಕಾರ್ಟಿನಲ್ಲಿಟ್ಟು ಇನ್ನೊಬ್ಬರಿಗೆ ಹೇಳಿ, ಮೂರು ದಿನ ಬಿಟ್ಟು ಕೊಳ್ಳಿ. ಕೇಳುವುದಲ್ಲ, ಹೇಳುವುದು. 1,200 ಉಳಿದೀತು.

ಹಂತ 9: ಊರಿನ ಹಣ, ಮುಯ್ಯಿ

ಅಪ್ಪ ಅಮ್ಮನಿಗೆ ಕಳಿಸುವ 6,000ವನ್ನು ಉಳಿತಾಯದ ಕಣ್ಣಲ್ಲಿ ನೋಡಲೇಬೇಡಿ. ನೋಡಬೇಕಾದ್ದು ಎರಡು ಕಡೆಯವರ ಅಗತ್ಯವೂ ಹಾಳೆಯ ಮೇಲೆ ಇದೆಯೇ ಎನ್ನುವುದು. ಅವನ ಊರಿಗೆ ಹೋಗುವುದು "ಖರ್ಚು" ಎಂದು ಬರೆಯಲ್ಪಟ್ಟು, ಅವಳು ತನ್ನ ತಾಯಿಗೆ ಕೊಟ್ಟದ್ದು "ಚಿಲ್ಲರೆ"ಯಲ್ಲಿ ಅಡಗಿದ್ದರೆ ಅದನ್ನು ಈಗಲೇ ಹೊರಗೆ ತನ್ನಿ. ಅವರು ದಿನವೂ ನುಂಗುವ ಬಿಪಿ, ಶುಗರ್ ಮಾತ್ರೆ ಊರಿನ ಜನೌಷಧಿ ಕೇಂದ್ರದಲ್ಲಿ ಸಿಗುತ್ತದೆಯೇ ಎಂದು ವೈದ್ಯರನ್ನು ಕೇಳಿ ನೋಡಿ, ಬೆಲೆ ಅರ್ಧಕ್ಕಿಂತ ಕಡಿಮೆ ಇರುವುದುಂಟು.

ಮುಯ್ಯಿ ಬಿಡಲಾಗುವುದಿಲ್ಲ. ನಮ್ಮ ಮದುವೆಯಲ್ಲಿ ಯಾರು ಎಷ್ಟು ಹಾಕಿದ್ದರೆಂಬ ಪುಸ್ತಕ ಮನೆಯಲ್ಲಿ ಇದ್ದೇ ಇರುತ್ತದೆ. ಅದನ್ನು ನೋಡಿ ಮುಂದಿನ ಆರು ತಿಂಗಳ ಮದುವೆ, ಗೃಹಪ್ರವೇಶಗಳ ಪಟ್ಟಿ ಮಾಡಿ.

ಹಂತ 10: ಕೂಡಿಸಿ, ಅದೇ ದಿನ ಎತ್ತಿಡಿ

ಕಾರ್ಡಿನಿಂದ 1,400, ಚಂದಾ 900, ಕರೆಂಟು 500, ಡೆಲಿವರಿ 2,400, ದಿನಸಿ 900, ಓಡಾಟ 1,300, ಆನ್‌ಲೈನ್ 1,200. ಒಟ್ಟು 8,600. ಸಂಬಳದ ಹತ್ತನೇ ಒಂದು ಪಾಲು, ಯಾರೂ ಉಪವಾಸ ಬೀಳದೆ. ನಾಲ್ಕು ತಿಂಗಳಿಗೆ ಫೋನಿನ ಕಂತು ಮುಗಿದಾಗ 11,200.

ಈ ದುಡ್ಡು ಸಂಬಳದ ಖಾತೆಯಲ್ಲೇ ಉಳಿದರೆ ಖರ್ಚಾಗುತ್ತದೆ. ಸಂಬಳ ಬಂದ ಮರುದಿನವೇ ಬೇರೆ ಖಾತೆಗೆ ಹೋಗುವಂತೆ ಆರ್‌ಡಿ ಹಾಕಿಸಿ. ಮೊದಲು ಅವಳ ಎಫ್‌ಡಿ ತುಂಬಲಿ, ಆಮೇಲೆ ಮೂರು ತಿಂಗಳ ಮನೆಖರ್ಚಿನಷ್ಟು ಆಪತ್ತಿನ ಹಣ. ಚೀಟಿ ಹಾಕುವ ಅಭ್ಯಾಸವಿದ್ದರೆ ನೋಂದಣಿಯಾದದ್ದಕ್ಕೇ ಹಾಕಿ, ಸರ್ಕಾರಿ ಸಂಸ್ಥೆ ಎಂಎಸ್‌ಐಎಲ್ ಕೂಡ ಚೀಟಿ ನಡೆಸುತ್ತದೆ. ಆಫೀಸಿನ ಪರಿಚಯದವರ ಬಾಯಿಮಾತಿನ ಚೀಟಿ ಬೇಡ.

ಇಬ್ಬರಿಗೂ ತಿಂಗಳಿಗೆ ಇಷ್ಟೆಂದು, ಸಂಬಳ ಎಷ್ಟೇ ಇರಲಿ ಸಮನಾಗಿ, ಲೆಕ್ಕ ಕೇಳದ ಕೈಖರ್ಚು ಎತ್ತಿಡಿ. 1,500 ಆದರೂ ಸರಿ. ಅದರಲ್ಲಿ ಅವನು ಕ್ರಿಕೆಟ್ ಬ್ಯಾಟು ಕೊಳ್ಳಲಿ, ಅವಳು ಐದನೇ ಲಿಪ್‌ಸ್ಟಿಕ್ಕು ಕೊಳ್ಳಲಿ, ಇನ್ನೊಬ್ಬರು ಹುಬ್ಬು ಹಾರಿಸುವಂತಿಲ್ಲ. ಇಂಥ ಕೈಖರ್ಚಿಗೆ ಜಾಗವಿಲ್ಲದ ಬಜೆಟ್ಟು ಮೂರನೇ ತಿಂಗಳಿಗೆ ಸುಳ್ಳು ಹೇಳಲು ಕಲಿಸುತ್ತದೆ.

ಮುಂದಿನ ಸಲ ಕೂರಲು ಇಷ್ಟೆಲ್ಲ ಬೇಕಾಗಿಲ್ಲ. ತಿಂಗಳ ಮೊದಲ ಭಾನುವಾರ ತಿಂಡಿ ಆದಮೇಲೆ ಅರ್ಧ ಗಂಟೆ, ಅದೇ ಹಾಳೆ, ಬದಲಾದ ಸಾಲುಗಳು ಮಾತ್ರ. ಸಂಬಳ ಬರುವ ಹಿಂದಿನ ವಾರ, ರಾತ್ರಿ ಹತ್ತರ ಮೇಲೆ, ಒಬ್ಬರ ಮನೆಯವರು ಊರಿಂದ ಬಂದಿರುವಾಗ ಮಾತ್ರ ಆ ಹಾಳೆ ತೆಗೆಯಬೇಡಿ.